ನಿದಾನಕ್ಕೆ ನಿಧಾನ ಬೇಕು

‘ಕ್ಲಚ್ ಹೋಗಿದೆ’ ಎಂಬುದು ನಮ್ಮ ನಗರಗಳ ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುವ ತೀರ್ಪು. ಮುಂಬಯಿ, ಪುಣೆಗಳಲ್ಲಿ ಅದು ‘ಕ್ಲಚ್ ಗಯಾ’ ಎಂದಾಗುತ್ತದೆ. ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಆಯಾ ನುಡಿಯ ಉಡುಪು ತೊಡುತ್ತದೆ. ಭಾಷೆ ಬದಲಾದರೂ ಅದರ ಬೆನ್ನಿಗೆ ಬರುವ ಮಾತು ಬದಲಾಗುವುದಿಲ್ಲ: ಬಿಚ್ಚಬೇಕು, ಬದಲಾಯಿಸಬೇಕು, ಇಷ್ಟು ಖರ್ಚಾಗುತ್ತದೆ. ಈ ಮಾತಿನ ನಡುವೆ ಇರಬೇಕಾದ ಒಂದು ಹಂತವೇ ಕಾಣೆಯಾಗಿದೆ ಎಂಬುದು ನಮ್ಮ ಆಕ್ಷೇಪ. ‘ಕ್ಲಚ್ ಹೋಗಿದೆ’ ಎಂಬುದು ರೋಗಿಯ ನರಳಿಕೆ; ರೋಗದ ಹೆಸರಲ್ಲ. ನರಳಿಕೆಗೂ ಚಿಕಿತ್ಸೆಗೂ ನಡುವೆ ನಮ್ಮ ಹಳೆಯ ವೈದ್ಯರು ನಿದಾನ ಎಂಬುದೊಂದನ್ನು ಇಟ್ಟಿದ್ದರು. ಲಕ್ಷಣಗಳನ್ನು ನೋಡಿ ರೋಗದ ಮೂಲವನ್ನು ಗುರುತಿಸುವ ಕೆಲಸ ಅದು. ಆ ನಿದಾನಕ್ಕೆ ಒಂದಿಷ್ಟು ನಿಧಾನವೂ ಬೇಕು. ಹಳೆಯ ಕಾರುಗಳ ವಿಷಯದಲ್ಲಿ ಇವೆರಡೂ ಒಟ್ಟಿಗೇ ಕಣ್ಮರೆಯಾಗುತ್ತಿವೆ.

ಸಾಹಿತ್ಯ ಬಳಗದ ಪುಟದಲ್ಲಿ ಕ್ಲಚ್ಚಿಗೇನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳಿಗೆ ಕೂತರು. ನಮ್ಮ ಹಾಗೆಯೇ ಹೊರನಾಡಿನಲ್ಲಿದ್ದ ಬಿ.ಜಿ.ಎಲ್. ಸ್ವಾಮಿಯವರು ಚೆನ್ನೈಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ‘ಹಸುರು ಹೊನ್ನು’ವಿನಂಥ ಪುಸ್ತಕ ಕೊಟ್ಟರು. ಗಿಡಮರಗಳಿಗೆ ಕನ್ನಡದಲ್ಲಿ ಸಿಕ್ಕ ಆ ಭಾಗ್ಯ ನಾವು ದಿನವೂ ತುಳಿಯುವ ಪೆಡಲಿಗೆ ಸಿಗಲಿಲ್ಲ. ಯಂತ್ರದ ಬಗ್ಗೆ ಮಾತೃಭಾಷೆಯಲ್ಲಿ ಯೋಚಿಸಲು ಬಾರದವನು ಗ್ಯಾರೇಜಿನಲ್ಲಿ ಪ್ರಶ್ನೆ ಕೇಳಲಾರ. ಪ್ರಶ್ನೆ ಕೇಳದವನು ಬಿಲ್ಲು ಕಟ್ಟುತ್ತಾನೆ. ಆದಕಾರಣ ಈ ಲೇಖನ.

ಉದಾಹರಣೆಗೆ ನಾವು ಎತ್ತಿಕೊಂಡಿರುವುದು ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂದು ಎಂಜಿ ಎಂದೊಡನೆ ಓದುಗರ ಕಣ್ಣಿಗೆ ಬರುವುದು 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿರುವ ಹೆಕ್ಟರ್‌ನಂಥ ಎತ್ತರದ ವಾಹನಗಳು. ಆ ಎಂಟು ಮೂಲೆಯ ಲಾಂಛನ ಹುಟ್ಟಿದ್ದು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಲ್ಲಿ. ಅದೇ ಹೆಸರಿನ ಎರಡಕ್ಷರಗಳನ್ನು ಹೊತ್ತ ಎಂಜಿಬಿ, ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂತು. ತೆರೆದ ಮಾದರಿ, ಮುಚ್ಚಿದ ಮಾದರಿ ಎರಡೂ ಸೇರಿ 5 ಲಕ್ಷಕ್ಕೂ ಹೆಚ್ಚು. ಅದರ 1798 ಸಿಸಿ ಎಂಜಿನ್ ಬಿ-ಸೀರೀಸ್ ಎಂಬ ವಂಶದ್ದು. ನಮ್ಮ ಅಂಬಾಸಿಡರ್ ಕಾರು ದಶಕಗಟ್ಟಲೆ ಹೊತ್ತು ತಿರುಗಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ವಂಶದ ಕುಡಿ. ಹೀಗೆ ನೋಡಿದರೆ ಈ ಆಂಗ್ಲ ಸುಂದರಿ ನಮ್ಮ ಟ್ಯಾಕ್ಸಿಗಳ ದಾಯಾದಿ.

ಈ ಕಾರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಎಂಜಿಬಿಯಲ್ಲಿ ಕ್ಲಚ್ ಪ್ಲೇಟನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಿ ಕೆಲಸ ಮುಗಿಸುವ ಹಾಗಿಲ್ಲ. ಎಂಜಿನ್ನನ್ನೇ ಎತ್ತಿ ಹೊರಗಿಡಬೇಕು. ಒಂಟಿಯಾಗಿ, ಇಲ್ಲವೆ ಗೇರ್‌ಬಾಕ್ಸ್ ಸಮೇತ. ರೇಡಿಯೇಟರ್, ಕಾರ್ಬ್ಯುರೇಟರ್, ಸೈಲೆನ್ಸರಿನ ಕೊಳವೆ, ವಿದ್ಯುತ್ ತಂತಿಗಳು ಎಲ್ಲ ಬಿಚ್ಚಿಕೊಳ್ಳುತ್ತವೆ. ಐವತ್ತು ವರ್ಷ ಹಳೆಯ ಬೋಲ್ಟುಗಳಲ್ಲಿ ಕೆಲವು ಮುರಿಯುತ್ತವೆ, ಬಣ್ಣ ಕೆತ್ತಿಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ, ಹೊರತೆಗೆದ ಕ್ಲಚ್ ಪ್ಲೇಟು ಇನ್ನೂ ಸಾವಿರಾರು ಕಿಲೋಮೀಟರ್ ಓಡಬಹುದಾದಷ್ಟು ಗಟ್ಟಿಯಾಗಿದೆ ಎಂದು ತಿಳಿದರೆ? ದೋಷ ಇದ್ದದ್ದು ಚಾಲಕನ ಪಾದದ ಬಳಿಯ ಒಂದು ಸವೆದ ಪಿನ್ನಿನಲ್ಲಿ ಎಂದು ತಿಳಿದರೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ಇಂಥ ಸಂದರ್ಭಕ್ಕೆಂದೇ ಹುಟ್ಟಿದಂತಿದೆ.

ವಿಷಯಕ್ಕೆ ಇಳಿಯುವ ಮುನ್ನ ಯಂತ್ರದ ಪರಿಚಯ ಅಗತ್ಯ. ಎಂಜಿನ್ ತಿರುಗುತ್ತಲೇ ಇರುತ್ತದೆ. ಚಕ್ರಗಳು ನಿಲ್ಲಬೇಕು, ಗೇರು ಬದಲಾಗಬೇಕು. ಇವೆರಡರ ನಡುವೆ ಬೇಕೆಂದಾಗ ಕೈ ಹಿಡಿದು ಬೇಡವೆಂದಾಗ ಬಿಡುವ ಸಾಧನ ಕ್ಲಚ್. ಎಂಜಿಬಿಯಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ತಂತಿಯಿಲ್ಲ, ದ್ರವವಿದೆ. ಪೆಡಲ್ ಒತ್ತಿದಾಗ ಒಂದು ಸಣ್ಣ ಸರಳು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ಹೊರಟ ದ್ರವ ಲೋಹದ ಕೊಳವೆಯಲ್ಲಿ, ಕೊನೆಗೆ ಒಂದು ರಬ್ಬರ್ ಕೊಳವೆಯಲ್ಲಿ ಹರಿದು ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರನ್ನು ಸೇರುತ್ತದೆ. ಸ್ಲೇವಿನ ಪಿಸ್ಟನ್ ಇನ್ನೊಂದು ಸರಳನ್ನು ನೂಕುತ್ತದೆ. ಸರಳು ಒಂದು ಕವೆಗೋಲನ್ನು, ಕವೆಗೋಲು ಗ್ರಾಫೈಟಿನ ಬಳೆಯಂಥ ರಿಲೀಸ್ ಬೇರಿಂಗನ್ನು, ಬೇರಿಂಗು ಕ್ಲಚ್ಚಿನ ಸ್ಪ್ರಿಂಗನ್ನು ಒತ್ತುತ್ತದೆ. ಆಗ ಹಿಡಿತ ಸಡಿಲಾಗುತ್ತದೆ. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಸಾಗುವ ಗುಟ್ಟಿನಂತೆ ಪಾದದ ಮಾತು ಇಷ್ಟು ಜನರ ಕೈ ದಾಟಿ ಒಳಗೆ ತಲಪಬೇಕು. ನಡುವೆ ಯಾರಾದರೂ ಅರ್ಧ ನುಂಗಿದರೆ ಕೊನೆಯವನನ್ನು ದೂರಿ ಫಲವಿಲ್ಲ.

ಇಲ್ಲಿ ಕೆಲಸ ಮಾಡುವ ನಿಯಮ ಹದಿನೇಳನೆಯ ಶತಮಾನದ ಪ್ಯಾಸ್ಕಲನದು: ಮುಚ್ಚಿದ ಪಾತ್ರೆಯ ದ್ರವಕ್ಕೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ. ಎಂಜಿಬಿಯ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಅಂಗುಲ, ಸುಮಾರು 19 ಮಿ.ಮೀ. ಸ್ಲೇವ್ ಸಿಲಿಂಡರಿನದು ಒಂದೂಕಾಲು ಅಂಗುಲ, ಸುಮಾರು 32 ಮಿ.ಮೀ. ವಿಸ್ತೀರ್ಣದ ಲೆಕ್ಕ ಹಾಕಿದರೆ ಸ್ಲೇವಿನಲ್ಲಿ ಬಲ ಸುಮಾರು 2.8 ಪಟ್ಟು ಹೆಚ್ಚುತ್ತದೆ. ಚಲನೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಮಾಸ್ಟರಿನ ಪಿಸ್ಟನ್ 35 ಮಿ.ಮೀ. ಸರಿದರೆ ಸ್ಲೇವಿನ ಸರಳು ಚಲಿಸುವುದು 12.6 ಮಿ.ಮೀ. ಮಾತ್ರ, ಅಂದರೆ ಅರ್ಧ ಅಂಗುಲ. ಈ ಅರ್ಧ ಅಂಗುಲದ ಮೇಲೆ ಕಾರಿನ ಇಡೀ ಸೌಖ್ಯ ನಿಂತಿದೆ. ಅದರಲ್ಲಿ ಎರಡು-ಮೂರು ಮಿ.ಮೀ. ಕಳೆದುಹೋದರೆ ಸಾಕು, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರಕರ ಎನ್ನುತ್ತದೆ, ಚಾಲಕ ‘ಕ್ಲಚ್ ಹೋಗಿದೆ’ ಎನ್ನುತ್ತಾನೆ.

ನಮ್ಮ ವಾದದ ತಿರುಳು ಈ ಅಂಕಿಯಲ್ಲೇ ಇದೆ. ಸ್ಲೇವ್ ಸಿಲಿಂಡರು ಕಾರಿನ ಹೊರಮೈಯಲ್ಲಿದೆ. ಅದರ ಸರಳಿನ ಚಲನೆಯನ್ನು ಒಂದು ಅಳತೆಪಟ್ಟಿಯಿಂದ ಅಳೆಯಬಹುದು. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಕೂಡದು. ಒಬ್ಬರು ಪೆಡಲನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಕೆಳಗಿನಿಂದ ನೋಡಿ ಅಳೆಯಲಿ. ಸರಳು 12-13 ಮಿ.ಮೀ. ಸರಿದರೂ ಗೇರು ಕರಕರ ಎಂದರೆ ದೋಷ ಒಳಗಿದೆ. ಎಂಜಿನ್ ಎತ್ತುವ ಮಾತು ಆಗ ನ್ಯಾಯ. ಸರಳು ಸರಿಯುವುದೇ ಒಂಬತ್ತೋ ಹತ್ತೋ ಮಿ.ಮೀ. ಆಗಿದ್ದರೆ ದೋಷ ಹೊರಗಿದೆ. ಎಂಜಿನ್ನನ್ನು ಮುಟ್ಟುವ ಅಗತ್ಯವಿಲ್ಲ. ಹತ್ತು ನಿಮಿಷದ ಈ ಅಳತೆ ಇಡೀ ಪ್ರಶ್ನೆಯನ್ನು ಎರಡಾಗಿ ಸೀಳುತ್ತದೆ. ಇದನ್ನು ಮಾಡದೆ ಎಂಜಿನ್ ಎತ್ತಲು ಹೊರಟವರನ್ನು ತಡೆದು ‘ಎಷ್ಟು ಮಿಲಿಮೀಟರ್ ಬಂತು?’ ಎಂದು ಕೇಳುವ ಹಕ್ಕು ಕಾರಿನ ಒಡೆಯರಿಗಿದೆ.

ಅಳತೆಗೂ ಮುಂಚೆ ಲಕ್ಷಣವನ್ನು ಸರಿಯಾಗಿ ಹೆಸರಿಸಬೇಕು. ಕ್ಲಚ್ಚಿನ ಕಾಯಿಲೆಗಳು ಮೂಲತಃ ಎರಡು, ಮತ್ತು ಅವು ಒಂದಕ್ಕೊಂದು ವಿರುದ್ಧ. ಎಂಜಿನ್ ಭೋರಿಟ್ಟರೂ ಕಾರು ವೇಗ ಪಡೆಯದಿದ್ದರೆ ಕ್ಲಚ್ ಹಿಡಿಯುತ್ತಿಲ್ಲ ಎಂದರ್ಥ, ಇದು ಜಾರುವಿಕೆ. ಪೆಡಲ್ ಒತ್ತಿದರೂ ಗೇರು ಬೀಳದಿದ್ದರೆ, ಕರಕರ ಎಂದರೆ, ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಎರಡನೆಯದಕ್ಕೆ ಒಳ್ಳೆಯ ಪರೀಕ್ಷೆ ರಿವರ್ಸ್ ಗೇರು. ಮುಂದಿನ ಗೇರುಗಳಲ್ಲಿ ವೇಗಗಳನ್ನು ಸರಿದೂಗಿಸುವ ಸಿಂಕ್ರೊಮೆಶ್ ಎಂಬ ಏರ್ಪಾಡು ಕ್ಲಚ್ಚಿನ ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ರಿವರ್ಸಿಗೆ ಆ ಸೌಲಭ್ಯವಿಲ್ಲ. ಎಂಜಿನ್ ನಿಧಾನಗತಿಯಲ್ಲಿ ತಿರುಗುತ್ತಿರುವಾಗ ಪೆಡಲ್ ಒತ್ತಿ, ಕೆಲವು ಸೆಕೆಂಡು ಕಾದು, ರಿವರ್ಸಿಗೆ ಹಾಕಿದರೆ ಸದ್ದಿಲ್ಲದೆ ಬೀಳಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಮೊದಲನೆಯ ಗೇರಿಗೂ ಸಿಂಕ್ರೊಮೆಶ್ ಇರಲಿಲ್ಲವಾದ್ದರಿಂದ ಆ ಕಾರುಗಳ ಮೊದಲ ಗೇರಿನ ಕೂಗನ್ನು ಕೇಳಿದೊಡನೆ ಗಾಬರಿಯಾಗಬೇಕಿಲ್ಲ.

ಬಿಡದ ಕ್ಲಚ್ಚಿನಲ್ಲಿ ಸರಳಿನ ಚಲನೆ ಕಡಿಮೆಯಿದೆ ಎಂದು ಅಳತೆಯಿಂದ ಸಿದ್ಧವಾಯಿತು ಎನ್ನೋಣ. ಹಾಗಾದರೆ ಕಳೆದುಹೋದ ಮಿಲಿಮೀಟರುಗಳು ಎಲ್ಲಿ ಹೋದವು? ಹುಡುಕಾಟ ಕಣ್ಣಿನಿಂದ ಶುರುವಾಗಬೇಕು, ಸ್ಪ್ಯಾನರಿನಿಂದಲ್ಲ. ಮಾಸ್ಟರ್ ಸಿಲಿಂಡರಿನ ದ್ರವದ ಮಟ್ಟ ಇಳಿದಿದೆಯೇ? ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸ್ಲೇವಿನ ರಬ್ಬರ್ ಟೊಪ್ಪಿಗೆಯನ್ನು ಎತ್ತಿದರೆ ಒಳಗೆ ಒದ್ದೆಯಿದೆಯೇ? ಚಾಲಕನ ಕಾಲ ಬಳಿ, ಪೆಡಲಿನ ಮೇಲ್ಭಾಗದಲ್ಲಿ ಜಿಡ್ಡಿನ ಗೆರೆ ಇಳಿದಿದೆಯೇ? ಆ ಪೆಟ್ಟಿಗೆಯ ಬಣ್ಣ ಗುಳ್ಳೆಯೆದ್ದು ಕಿತ್ತುಬಂದಿದೆಯೇ? ಈ ದ್ರವ ಬಣ್ಣವನ್ನು ತಿನ್ನುತ್ತದೆ; ಹಾಗಾಗಿ ತನ್ನ ಸೋರಿಕೆಗೆ ತಾನೇ ಸಾಕ್ಷಿ ಬರೆದಿಡುತ್ತದೆ.

ಮಟ್ಟ ಇಳಿದಿಲ್ಲ, ಆದರೆ ಪೆಡಲನ್ನು ಒತ್ತಿ ಹಿಡಿದಂತೆಯೇ ಸ್ಲೇವಿನ ಸರಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ ಎಂದರೆ ಮಾಸ್ಟರಿನ ಒಳಗಿನ ರಬ್ಬರ್ ಸೀಲು ದ್ರವವನ್ನು ತನ್ನ ಬೆನ್ನ ಹಿಂದೆ ನುಸುಳಲು ಬಿಡುತ್ತಿದೆ. ಹೊರಗೆ ಒಂದು ಹನಿಯೂ ಕಾಣದ ಸೋರಿಕೆ ಇದು. ಪೆಡಲ್ ಹತ್ತಿಯ ಮೇಲೆ ಕಾಲಿಟ್ಟಂತೆ ಮೆತ್ತಗಿದ್ದು, ನಾಲ್ಕೈದು ಬಾರಿ ಪಂಪು ಹೊಡೆದರೆ ಗಟ್ಟಿಯಾಗುತ್ತದೆ ಎಂದರೆ ಒಳಗೆ ಗಾಳಿ ಸೇರಿದೆ. ದ್ರವ ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಮ್ಮ ಕಾಲಿನ ಶ್ರಮ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಪೆಡಲ್ ಒತ್ತಿದಾಗ ರಬ್ಬರ್ ಕೊಳವೆ ಹಾವು ಇಲಿ ನುಂಗಿದಂತೆ ಉಬ್ಬಿದರೆ ಕಳ್ಳ ಅದೇ. ಒಂದೊಂದು ಲಕ್ಷಣವೂ ಒಂದೊಂದು ಭಾಗದತ್ತ ಬೆರಳು ತೋರುತ್ತದೆ. ಇವನ್ನು ಓದದೆ ಮಾಸ್ಟರ್, ಸ್ಲೇವ್, ಕೊಳವೆ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರು ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಸಲಕ್ಕೆ ಯಾರ ತಿಳಿವೂ ಬೆಳೆಯುವುದಿಲ್ಲ.

ಈಗ ಪಿನ್ನಿನ ವಿಷಯ. ಗ್ಯಾರೇಜುಗಳಲ್ಲಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಪೆಡಲಿಗೂ ಮಾಸ್ಟರಿನ ಸರಳಿಗೂ ನಡುವೆ ಒಂದು ಅಡ್ಡಪಿನ್ನಿದೆ. ಸ್ಲೇವಿನ ಸರಳಿಗೂ ಕವೆಗೋಲಿಗೂ ನಡುವೆ ಇನ್ನೊಂದು. ವರ್ಷಗಳ ಬಳಕೆಯಲ್ಲಿ ಪಿನ್ನುಗಳು ಸವೆಯುತ್ತವೆ, ಅವು ಕೂತ ದುಂಡನೆಯ ತೂತುಗಳು ಮೊಟ್ಟೆಯಾಕಾರ ತಾಳುತ್ತವೆ. ನೋಡುವವರಿಗೆ ಎರಡೂ ಸವೆತ ಒಂದೇ. ಕೆಳಗಿನದು ಕಾರಿನಡಿ ಮಲಗಿದವನಿಗೆ ಕೈಗೆಟುಕುವುದರಿಂದ ಅದನ್ನೇ ಮೊದಲು ದೂರುತ್ತಾರೆ. ಆದರೆ ಎರಡರ ಪರಿಣಾಮ ಒಂದೇ ಅಲ್ಲ.

ಮೇಲಿನ ಪಿನ್ನು 3 ಮಿ.ಮೀ. ಸಡಿಲವಾಗಿದ್ದರೆ ಪೆಡಲಿನ ಪ್ರತಿ ಒತ್ತಿನಲ್ಲೂ ಆ 3 ಮಿ.ಮೀ. ಸುಮ್ಮನೆ ವ್ಯರ್ಥ. ಪೆಡಲನ್ನು ಅದರ ಸ್ಪ್ರಿಂಗು ಪ್ರತಿಸಲ ಹಿಂದಕ್ಕೆಳೆಯುತ್ತದೆ. ಪ್ರತಿಸಲ ಆ ಸಡಿಲವನ್ನು ದಾಟಿದ ಮೇಲಷ್ಟೇ ಪಿಸ್ಟನ್ ಅಲುಗಾಡುತ್ತದೆ. 35ರಲ್ಲಿ 3 ಎಂದರೆ ಹನ್ನೆರಡರಲ್ಲಿ ಒಂದು ಪಾಲು ನಷ್ಟ. ಕೆಳಗಿನ ಪಿನ್ನಿನ ಕತೆ ಬೇರೆ. ಸ್ಲೇವಿನ ಒಳಗೆ ಪಿಸ್ಟನ್ನಿನ ಹಿಂದೆ ಒಂದು ಮೃದುವಾದ ಸ್ಪ್ರಿಂಗಿದೆ. ಅದು ಪಿಸ್ಟನ್ನನ್ನು, ಸರಳನ್ನು, ಕವೆಗೋಲನ್ನು ಸದಾ ಮುಂದಕ್ಕೆ ಒತ್ತಿಕೊಂಡೇ ಇರುತ್ತದೆ. ಪಿನ್ನು ಎಷ್ಟು ಸವೆದರೂ ಆ ಜಾಗವನ್ನು ಪಿಸ್ಟನ್ ಮುಂದೆ ಬಂದು ತುಂಬಿಬಿಡುತ್ತದೆ; ಬೇಕಾದಷ್ಟು ದ್ರವ ಮೇಲಿನಿಂದ ಇಳಿದು ಬರುತ್ತದೆ. ಒಳಗಿನ ಬೇರಿಂಗು ಸವೆದರೂ ಹೀಗೆಯೇ. ಈ ವ್ಯವಸ್ಥೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಕೆಳಗಿನ ಸವೆತ ಕಣ್ಣಿಗೆ ಕೊಳಕು, ಚಲನೆಗೆ ನಷ್ಟವಲ್ಲ. ಮೇಲಿನ ಸವೆತ ಮುಚ್ಚಳದಡಿ ಅಡಗಿದೆ, ನಷ್ಟವೆಲ್ಲ ಅದರದೇ.

ಇದು ಅರಿವಾದರೆ ಎರಡು ಜನಪ್ರಿಯ ನಾಟಿ ಔಷಧಗಳ ಪೊಳ್ಳುತನವೂ ಕಾಣುತ್ತದೆ. ಮೊದಲನೆಯದು, ಸ್ಲೇವಿನ ಸರಳನ್ನು ಉದ್ದ ಮಾಡುವುದು. ಉದ್ದ ಮಾಡಿದಷ್ಟೂ ಪಿಸ್ಟನ್ ಹಿಂದೆ ಹೋಗಿ ಕೂರುತ್ತದೆಯೇ ಹೊರತು ಸರಳು ಸಾಗುವ ದೂರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ದೂರವನ್ನು ನಿರ್ಧರಿಸುವುದು ಮೇಲಿನಿಂದ ಬರುವ ದ್ರವದ ಪ್ರಮಾಣ, ಸರಳಿನ ಉದ್ದವಲ್ಲ. ಎರಡನೆಯದು, ಮೇಲಿನ ಸರಳಿಗೆ ವೆಲ್ಡಿಂಗ್ ಮಾಡಿ ಉದ್ದಗೊಳಿಸುವುದು. ಇದು ಅಪಾಯಕಾರಿ. ಪೆಡಲ್ ಬಿಟ್ಟಾಗ ದ್ರವ ವಾಪಸು ತೊಟ್ಟಿಗೆ ಹೋಗಲು ಮಾಸ್ಟರಿನಲ್ಲಿ ಒಂದು ಸೂಜಿಗಣ್ಣಿನಂಥ ತೂತಿದೆ. ಸರಳು ಅತಿಯಾಗಿ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆ ತೂತು ತೆರೆಯುವುದಿಲ್ಲ, ಒತ್ತಡ ಒಳಗೇ ಉಳಿಯುತ್ತದೆ. ಬಿಡದ ಕ್ಲಚ್ಚನ್ನು ಸರಿಪಡಿಸಲು ಹೋಗಿ ಜಾರುವ ಕ್ಲಚ್ಚನ್ನು ಕೊಂಡಂತಾಗುತ್ತದೆ, ಜೊತೆಗೆ ಒಳ್ಳೆಯ ಪ್ಲೇಟು ಉರಿದುಹೋಗುತ್ತದೆ. ಸರಿಯಾದ ಔಷಧ ಅಗ್ಗದ್ದು: ಮೇಲೆ ಹೊಸ ಪಿನ್ನು, ತೂತು ಮೊಟ್ಟೆಯಾಗಿದ್ದರೆ ಅದನ್ನು ತುಂಬಿ ಮತ್ತೆ ದುಂಡಗೆ ಕೊರೆಸುವುದು.

ಜಾರುವ ಕ್ಲಚ್ಚಿಗೂ ದ್ರವದ ದೋಷ ಕಾರಣವಾಗಬಹುದು ಎಂಬುದನ್ನು ಹಲವರು ನಂಬುವುದಿಲ್ಲ. ಆದರೆ ಪರೀಕ್ಷೆ ಸರಳ. ಪೆಡಲ್ ಬಿಟ್ಟ ಮೇಲೂ ಒತ್ತಡ ಉಳಿದಿದೆ ಎಂಬ ಅನುಮಾನವಿದ್ದರೆ ಮಾಸ್ಟರಿನ ಬಳಿಯ ಕೊಳವೆಯ ಬೆಸುಗೆಯನ್ನು ಕಾಲು ಸುತ್ತು ಸಡಿಲಿಸಿ ನೋಡಬೇಕು. ದ್ರವ ಚಿಮ್ಮಿ ಕ್ಲಚ್ ಹಿಡಿದರೆ ದೋಷ ಮಾಸ್ಟರಿನ ಆ ಸಣ್ಣ ತೂತಿನಲ್ಲಿದೆ. ಅಲ್ಲಿ ಏನೂ ಆಗದೆ, ಸ್ಲೇವಿನ ಗಾಳಿತಿರುಪನ್ನು ಸಡಿಲಿಸಿದಾಗ ಕ್ಲಚ್ ಹಿಡಿದರೆ ದೋಷ ನಡುವಿನ ರಬ್ಬರ್ ಕೊಳವೆಯಲ್ಲಿದೆ. ಅದರ ಒಳಪದರ ಊದಿಕೊಂಡು ದ್ರವ ಹೋಗಲು ಬಿಟ್ಟು ಬರಲು ಬಿಡುತ್ತಿಲ್ಲ. ಎರಡೂ ಕಡೆ ಬದಲಾವಣೆ ಕಾಣದಿದ್ದರೆ ಆಗ ಪ್ಲೇಟಿನ ಮೇಲೆ ಅನುಮಾನ ಪಡಬಹುದು. ಎಂಜಿನ್ ಎತ್ತುವ ಮುಂಚೆ ಈ ಎರಡು ತಿರುಪುಗಳನ್ನು ಕೇಳಿ ನೋಡುವುದರಲ್ಲಿ ಯಾರ ಗಂಟೂ ಹೋಗುವುದಿಲ್ಲ.

ಗಾಳಿ ತೆಗೆಯುವ ಕೆಲಸದಲ್ಲೂ ಯೋಚನೆಗೆ ಜಾಗವಿದೆ. ಒಬ್ಬರು ಪೆಡಲನ್ನು ನೆಲದವರೆಗೆ ಮತ್ತೆ ಮತ್ತೆ ತುಳಿಯುವುದು, ಇನ್ನೊಬ್ಬರು ಕೆಳಗೆ ತಿರುಪು ಬಿಚ್ಚಿ ಮುಚ್ಚುವುದು ರೂಢಿ. ಗಾಳಿಯ ಸ್ವಭಾವ ಮೇಲೇರುವುದು. ನಾವು ಮಾತ್ರ ಅದನ್ನು ಕೆಳಕ್ಕೆ ನೂಕಿ ಹೊರಹಾಕಲು ಹೆಣಗುತ್ತೇವೆ. ಎಂಜಿಬಿಯ ಕ್ಲಚ್ ಈ ರೂಢಿಗೆ ಸುಲಭವಾಗಿ ಬಗ್ಗದು. ಅದರ ಬದಲು ಕೆಳಗಿನ ತಿರುಪಿನ ಮೂಲಕ ದ್ರವವನ್ನು ಮೇಲ್ಮುಖವಾಗಿ ತಳ್ಳಿದರೆ ಗುಳ್ಳೆಗಳು ತಮ್ಮ ದಾರಿ ತಾವೇ ಹಿಡಿದು ತೊಟ್ಟಿಯಲ್ಲಿ ಬಂದು ಒಡೆಯುತ್ತವೆ. ತೊಟ್ಟಿ ತುಂಬಿ ಹರಿಯದಂತೆ ನೋಡಿಕೊಂಡರಾಯಿತು. ಹಳೆಯ ಮಾಸ್ಟರನ್ನು ನೆಲದವರೆಗೆ ತುಳಿಯುವುದರಲ್ಲಿ ಇನ್ನೊಂದು ಕೇಡೂ ಇದೆ. ನಿತ್ಯದ ಓಡಾಟದಲ್ಲಿ ಸೀಲು ತಲಪದ ಕೊನೆಯ ಭಾಗದಲ್ಲಿ ವರ್ಷಗಳ ತುಕ್ಕು, ಗಸಿ ಕೂತಿರುತ್ತದೆ. ಸೀಲನ್ನು ಅದರ ಮೇಲೆ ಉಜ್ಜಿದರೆ ಅದುವರೆಗೆ ಸರಿಯಿದ್ದ ರಬ್ಬರು ಗೀರಿಹೋಗುತ್ತದೆ. ‘ನಿನ್ನೆ ಸರಿಯಿತ್ತು, ಗಾಳಿ ತೆಗೆದ ಮೇಲೆ ಕೆಟ್ಟಿತು’ ಎಂಬ ದೂರಿಗೆ ಹಲವು ಸಲ ಕಾರಣ ಇದು.

ಭಾಷೆಯ ಬಳಗದವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದು ಉಳಿದಿದೆ. ಬ್ರೇಕಿಗೂ ಕ್ಲಚ್ಚಿಗೂ ಹಾಕುವ ಈ ದ್ರವವನ್ನು ಭಾರತದ ಗ್ಯಾರೇಜುಗಳು, ಅಂಗಡಿಗಳು, ನಾವು ನೀವೆಲ್ಲರೂ ‘ಬ್ರೇಕ್ ಆಯಿಲ್’ ಎನ್ನುತ್ತೇವೆ. ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂಬ ಗುರುತಿನ ಡಬ್ಬಿಗಳಲ್ಲಿರುವುದು ಗ್ಲೈಕಾಲ್ ಮೂಲದ ರಾಸಾಯನಿಕ. ಎಣ್ಣೆ ನೀರನ್ನು ದೂರವಿಡುತ್ತದೆ; ಇದು ಗಾಳಿಯ ತೇವವನ್ನು ಹೀರಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆ ತೇವವೇ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಕುಳಿ ತೋಡುತ್ತದೆ. ಮುಂಬಯಿ, ಚೆನ್ನೈಗಳ ಕಡಲ ಗಾಳಿಯಲ್ಲಿ ನಿಂತೇ ಇರುವ ಕಾರಿಗೆ ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸುವುದು ವೈಭೋಗವಲ್ಲ. ಇನ್ನೂ ಕೆಟ್ಟದ್ದು, ‘ಆಯಿಲ್’ ಎಂಬ ಹೆಸರನ್ನು ನಂಬಿ ಯಾರಾದರೂ ತೊಟ್ಟಿಗೆ ನಿಜವಾದ ಎಂಜಿನ್ ಆಯಿಲನ್ನೇ ಸುರಿದುಬಿಟ್ಟರೆ! ಖನಿಜ ತೈಲ ತಗುಲಿದರೆ ಈ ಸೀಲುಗಳ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ; ಆಮೇಲೆ ಇಡೀ ವ್ಯವಸ್ಥೆಯ ರಬ್ಬರನ್ನೆಲ್ಲ ಎಸೆಯಬೇಕು. ಅಂಕಿಗಳೂ ಮೋಸ ಮಾಡುತ್ತವೆ. ಡಾಟ್ 5 ಎಂಬುದು ಸಿಲಿಕೋನ್ ದ್ರವ, ಡಾಟ್ 4ರ ಜೊತೆ ಬೆರೆಸಬಾರದು. ಡಾಟ್ 5.1 ಎಂಬುದು ಮತ್ತೆ ಗ್ಲೈಕಾಲ್ ಜಾತಿಯದು. ಒಂದು ಬಿಂದುವಿನ ವ್ಯತ್ಯಾಸದಲ್ಲಿ ಜಾತಿಯೇ ಬೇರೆ. ಹೆಸರು ತಪ್ಪಿದರೆ ಕೆಲಸ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ? ನಾವು ಇದನ್ನು ‘ಬ್ರೇಕ್ ದ್ರವ’ ಎಂದು ಕರೆಯತೊಡಗಿದರೆ ಅದು ಭಾಷಾಭಿಮಾನಕ್ಕಷ್ಟೇ ಅಲ್ಲ, ಸೀಲುಗಳ ಆಯುಷ್ಯಕ್ಕೂ ಒಳ್ಳೆಯದು.

ನಮ್ಮ ವಾದಕ್ಕೆ ಗ್ಯಾರೇಜಿನವರ ಪ್ರತಿವಾದವೂ ಇದೆ, ಅದನ್ನು ಗೌರವದಿಂದಲೇ ಕೇಳಬೇಕು. ಮೇಸ್ತ್ರಿಯ ಹೊತ್ತಿಗೆ ಬೆಲೆಯಿದೆ. ಹೊಸ ಮಾಸ್ಟರ್, ಹೊಸ ಸ್ಲೇವ್ ಹಾಕಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಗಿರಾಕಿ ಮತ್ತೆ ಮತ್ತೆ ಬಂದು ಜಗಳವಾಡುವುದಿಲ್ಲ. ಒಂದರ ಸೀಲು ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದರ ಸೀಲೂ ಹೋಗುವ ದಾರಿಯಲ್ಲಿರುತ್ತದೆ. ಪರೀಕ್ಷೆ ಮಾಡಿದ್ದಕ್ಕೆ ಹಣ ಕೇಳಿದರೆ ‘ಏನೂ ಹಾಕಲಿಲ್ಲವಲ್ಲ, ಯಾತಕ್ಕೆ ದುಡ್ಡು?’ ಎನ್ನುವವರು ನಮ್ಮಂಥ ಗಿರಾಕಿಗಳೇ. ಈ ಕೊನೆಯ ಮಾತು ನಮ್ಮನ್ನು ಚುಚ್ಚಬೇಕು. ಕೈಯಲ್ಲಿ ಹಿಡಿಯಬಹುದಾದ ವಸ್ತುವಿಗೆ ಮಾತ್ರ ಬೆಲೆ ಕೊಟ್ಟು, ತಿಳಿವಳಿಕೆಗೆ ಬೆಲೆ ಕೊಡದ ಸಮಾಜದಲ್ಲಿ ಮೇಸ್ತ್ರಿ ವಸ್ತುವನ್ನೇ ಮಾರುತ್ತಾನೆ. ವೈದ್ಯರು ಮಾತ್ರೆ ಬರೆಯದೆ ಕಳಿಸಿದರೆ ಮುನಿಯುವ ರೋಗಿಗಳೂ ಇಂಥವರೇ.

ಒಂದು ಸೀಲು ಹೋಗಿದೆಯೆಂದು ತಿಳಿದ ಮೇಲೆ ಅದೇ ವಯಸ್ಸಿನ ಇನ್ನೊಂದನ್ನೂ ರಬ್ಬರ್ ಕೊಳವೆಯನ್ನೂ ಬದಲಾಯಿಸುವುದು ವಿವೇಕವೇ. ತಿಳಿಯುವ ಮುನ್ನ ಬದಲಾಯಿಸುವುದು ಮಾತ್ರ ವಿವೇಕವಲ್ಲ. ಹೊಸದೆಲ್ಲ ಒಳ್ಳೆಯದು ಎಂಬ ನಂಬಿಕೆಯೂ ಹಳೆಯ ಕಾರುಗಳಲ್ಲಿ ನಿಲ್ಲುವುದಿಲ್ಲ. ಮೇಲ್ನೋಟಕ್ಕೆ ಒಂದೇ ಬಗೆ ಕಾಣುವ ಸಿಲಿಂಡರುಗಳ ಒಳವ್ಯಾಸ ಬೇರೆಯಿರಬಹುದು. ಮುಕ್ಕಾಲು ಅಂಗುಲದ ಮಾಸ್ಟರಿನ ಜಾಗದಲ್ಲಿ 0.70 ಅಂಗುಲದ್ದು ಕೂತರೆ ವ್ಯತ್ಯಾಸ ಕಣ್ಣಿಗೆ ಕಾಣದು. ಆದರೆ ವಿಸ್ತೀರ್ಣ ಶೇಕಡ 13ರಷ್ಟು ಕುಗ್ಗಿ, 12.6 ಮಿ.ಮೀ. ಚಲನೆ 11ಕ್ಕೆ ಇಳಿಯುತ್ತದೆ. ಹೊಚ್ಚಹೊಸ ಭಾಗ ಹಾಕಿ ಹಳೆಯ ರೋಗವನ್ನೇ ಮತ್ತೆ ತಂದುಕೊಂಡಂತೆ. ‘ಎಲ್ಲ ಹೊಸದು ಹಾಕಿದ್ದೇವೆ, ಇನ್ನು ಪ್ಲೇಟೇ ಹೋಗಿರಬೇಕು’ ಎಂಬ ಮುಂದಿನ ತರ್ಕ ಎಂಜಿನ್ನನ್ನು ಸರಪಳಿಯಲ್ಲಿ ನೇತುಹಾಕುತ್ತದೆ. ಹೊಸದು ಹಾಕಿದ ಮೇಲೂ ಅಳತೆಪಟ್ಟಿ ಮತ್ತೊಮ್ಮೆ ಹೊರಬರಬೇಕು.

ಅಳತೆ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ಎಂಜಿನ್ ಎತ್ತಲೇಬೇಕು. ಅಲ್ಲಿ ಹಿಂಜರಿಕೆ ಸಲ್ಲದು. ಬಹುಕಾಲ ನಿಂತ ಕಾರಿನಲ್ಲಿ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿರಬಹುದು, ಅಥವಾ ತನ್ನ ಹಲ್ಲುಗಳ ಮೇಲೆ ತುಕ್ಕು ಹಿಡಿದು ಜಾರದೆ ಕಚ್ಚಿಕೊಂಡಿರಬಹುದು. ಸ್ಪ್ರಿಂಗಿನ ಬೆರಳೊಂದು ಮುರಿದಿರಬಹುದು. ಎಂಜಿನ್ನಿನ ದಂಡದ ತುದಿಯ ಚಿಕ್ಕ ಬುಶ್ಶು ಗೇರ್‌ಬಾಕ್ಸಿನ ದಂಡವನ್ನು ಹಿಡಿದು ತಿರುಗಿಸುತ್ತಿರಬಹುದು. ಗ್ರಾಫೈಟ್ ಬೇರಿಂಗು ಸವೆದು ಲೋಹಕ್ಕೆ ಲೋಹ ತಾಗುತ್ತಿರಬಹುದು. ಈ ಬೇರಿಂಗಿನ ಆಯುಷ್ಯ ನಮ್ಮ ಕಾಲಿನಲ್ಲೇ ಇದೆ. ಸಿಗ್ನಲ್ಲಿನಲ್ಲಿ ಗೇರು ಹಾಕಿಕೊಂಡು, ಪೆಡಲ್ ಒತ್ತಿಕೊಂಡೇ ಎರಡು ನಿಮಿಷ ಕೂರುವ ನಮ್ಮ ನಗರಗಳ ಅಭ್ಯಾಸ ಅದನ್ನು ಪ್ರತಿದಿನ ತೇಯುತ್ತದೆ. ನ್ಯೂಟ್ರಲ್ಲಿಗೆ ತಂದು ಕಾಲು ತೆಗೆದರೆ ಅಷ್ಟೂ ಉಳಿತಾಯ.

ಎಂಜಿಬಿ ಇಲ್ಲದವರೂ ಇಷ್ಟನ್ನೆಲ್ಲ ಓದಬೇಕೇ ಎಂದರೆ, ಬೇಕೆಂದೇ ನಮ್ಮ ಅಭಿಪ್ರಾಯ. ಇಂದು ನಾವು ಓಡಿಸುವ ಎಷ್ಟೋ ಕಾರುಗಳಲ್ಲಿ ಕ್ಲಚ್ ಇದೇ ದ್ರವದ ಆಸರೆಯಲ್ಲಿದೆ. ಹಲವು ಹೊಸ ಕಾರುಗಳಲ್ಲಿ ಸ್ಲೇವ್ ಸಿಲಿಂಡರು ಗೇರ್‌ಬಾಕ್ಸಿನ ಒಳಗೇ ಅಡಗಿದ್ದು, ಅಳತೆಪಟ್ಟಿ ಹಿಡಿಯಲು ಜಾಗವೇ ಇಲ್ಲ. ನೋಡಿ, ಅಳೆದು, ತರ್ಕಿಸಿ ತಿಳಿಯಬಹುದಾದ ಯಂತ್ರಗಳ ಕೊನೆಯ ತಲೆಮಾರು ಈ ಹಳೆಯ ಕಾರುಗಳು. ಅವನ್ನು ನೋಡುವ ಕಣ್ಣಿರುವ ಮೇಸ್ತ್ರಿಗಳೂ ಕೊನೆಯ ತಲೆಮಾರಿನವರೇ. ಅವರ ಪಕ್ಕದಲ್ಲಿ ನಿಂತು ಕಲಿಯಬೇಕಾದ ಹುಡುಗರಿಗೆ ನಾವು ಕಲಿಸುತ್ತಿರುವುದು ಡಬ್ಬಿ ಒಡೆದು ಹೊಸ ಭಾಗ ಜೋಡಿಸುವುದನ್ನು ಮಾತ್ರ. ಕಾರಿನ ಜೊತೆ ಸವೆದುಹೋಗುತ್ತಿರುವ ಈ ವಿದ್ಯೆಗೆ ಹೊಸ ಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಗ್ಯಾರೇಜಿನಲ್ಲಿ ‘ಕ್ಲಚ್ ಹೋಗಿದೆ’ ಎಂಬ ಮಾತು ಬಂದಾಗ ಓದುಗರು ಯಾವ ಭಾಷೆಯಲ್ಲಾದರೂ ಸರಿ, ಮೂರು ಪ್ರಶ್ನೆ ಕೇಳಲಿ. ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ? ಸ್ಲೇವಿನ ಸರಳು ಎಷ್ಟು ಮಿಲಿಮೀಟರ್ ಸರಿಯಿತು? ಮೇಲಿನ ಪಿನ್ನು ನೋಡಿದಿರಾ? ಮೂರಕ್ಕೂ ಉತ್ತರವಿರುವ ಮೇಸ್ತ್ರಿ ಸಿಕ್ಕರೆ ಅವರು ಪರೀಕ್ಷೆಗೆ ಕೇಳಿದ ಹಣವನ್ನು ಚೌಕಾಶಿ ಮಾಡದೆ ಕೊಡಲಿ. ಉತ್ತರವಿಲ್ಲದಿದ್ದರೆ ಕಾರಿನ ಬೀಗದಕೈ ವಾಪಸು ಕೇಳಲಿ.